ಗಾದ್ರಮ್ಮ ಹೇಳದ ಹೆಸರು

ಜಗಳೂರಿನಲ್ಲಿ ಮದುವೆ ಗೊತ್ತಾಯಿತೆಂದರೆ ಮೊದಲು ಪುರೋಹಿತರು, ಆಮೇಲೆ ಕೊಟ್ರೇಶ್. ಮೈಕ್ ಸೆಟ್ಟು, ಬಾಕ್ಸು ಬಾಡಿಗೆಗೆ ಕೊಡುವ ಆಸಾಮಿ. ಕೀಬೋರ್ಡ್ ಕೈಗೆ ಸಿಕ್ಕರೆ ಊಟ ಬೇಡ, ಮಾತಿಗೆ ಜನ ಸಿಕ್ಕರೆ ಕೀಬೋರ್ಡೂ ಬೇಡ. ಇತ್ತೀಚೆಗೆ ಎಐ ಹುಚ್ಚು ಬೇರೆ ಹತ್ತಿತ್ತು. ತಾನು ಗುನುಗಿದ ರಾಗವನ್ನು ಕಂಪ್ಯೂಟರಿಗೆ ಕೊಡುವುದು, ಅದು ನಾನಾ ಥರ ತಾಳ ಹಾಕಿ ತೋರಿಸುವುದು, ಬಹುಪಾಲನ್ನು ಇವನು ಬೈದು ಅಳಿಸುವುದು. ಉಳಿದದ್ದನ್ನು ತಿದ್ದಿ ತೀಡಿ ಯೂಟ್ಯೂಬಿಗೆ ಹಾಕುವಾಗ ಮಾತ್ರ, ತಾಳಕ್ಕೆ ಎಐ ಸಹಾಯ ಪಡೆದಿದೆ ಎಂದು ಕೆಳಗೆ ಬರೆಯುತ್ತಿದ್ದ.

"ಅದನ್ಯಾಕೆ ಬರಿತೀರಿ? ಯಾರು ಕೇಳ್ತಾರೆ?" ಎಂದು ಹೆಂಡತಿ ಶಾಂತಲಾ ರೇಗಿಸಿದರೆ, "ಕೇಳಲ್ಲ ಅಂತ ಸುಳ್ಳು ಹೇಳಾಕೆ ಆಗ್ತೈತೇನೆ?" ಎನ್ನುತ್ತಿದ್ದ. ಇಂಥ ನಿಯತ್ತಿನ ಮನುಷ್ಯನೂ ಎಡವಿದ.

ಅದೇ ಓಣಿಯ ಗಾದ್ರಮ್ಮ ಸೋಬಾನೆ ಹಾಡುವಾಕೆ. ಅರಿಶಿನ ಹಚ್ಚುವಾಗ ಮದುಮಗಳ ಗಲ್ಲ ಹಿಡಿದು, ಮುಖ ನೋಡಿ, ಹೆಸರು ಸೇರಿಸಿ ಹಾಡುತ್ತಿದ್ದಳು. ಆ ಹೆಸರು ಅವಳ ಬಾಯಲ್ಲಿ ಬಂದರೇನೇ ಮದುವೆಗೊಂದು ಕಳೆ ಎನ್ನುತ್ತಿದ್ದರು ಓಣಿಯ ಹೆಂಗಸರು. ಹೋದ ವರ್ಷ ಗಂಟಲಿನ ಆಪರೇಷನ್ ಆಗಿ ದನಿಯೇ ಹೋಯಿತು, ಪಾಪ. ಉಳಿದದ್ದು ಬರೀ ಪಿಸುಮಾತು. ಈಗ ನೋಡಿ, ಅವಳೇ ಸಾಕಿ ಬೆಳೆಸಿದ ಮೊಮ್ಮಗಳು ಚೌಡೇಶ್ವರಿಯ ಮದುವೆ ಬಂತು.

"ಕೊಟ್ರೇಶಣ್ಣ, ಓಣಿ ಹೆಣ್ಣುಮಕ್ಕಳಿಗೆಲ್ಲ ನಮ್ಮಜ್ಜಿ ಹೆಸರು ಹಿಡಿದು ಹಾಡಿದ್ಲು. ನನಗೊಬ್ಬಳಿಗೇ ಇಲ್ಲ," ಎಂದು ಹುಡುಗಿ ಕಣ್ಣು ತುಂಬಿಕೊಂಡಳು.

ಕೊಟ್ರೇಶ್ ಕರಗಿಹೋದ. ಬೇರೊಂದು ಮದುವೆಯಲ್ಲಿ ಗಾದ್ರಮ್ಮ ಹಾಡಿದ ಹಳೇ ರೆಕಾರ್ಡಿಂಗ್ ಅವನ ಬಳಿ ಇತ್ತು. ಎಐ ಹಚ್ಚಿ ಅದರೊಳಗಿನ ಪಾತ್ರೆ ಸದ್ದು, ಮಕ್ಕಳ ಗಲಾಟೆ ತೆಗೆಸಿದ. ಅಲ್ಲಿಗೆ ನಿಲ್ಲಬಾರದಿತ್ತೇ? ಆ ಮದುಮಗಳ ಹೆಸರು ಕಿತ್ತು, ಗಾದ್ರಮ್ಮನದೇ ದನಿಯಲ್ಲಿ ಚೌಡೇಶ್ವರಿ ಎಂದೂ ಹೇಳಿಸಿಬಿಟ್ಟ. ಕೇಳಿ ಅವನಿಗೇ ಮೈ ಜುಂ ಎಂದಿತು.

ಖುಷಿಯಲ್ಲಿ ಓಡಿಹೋಗಿ ಅಜ್ಜಿಗೆ ಕೇಳಿಸಿದ. ಹೋದ ದನಿ ಮತ್ತೆ ಕಿವಿಗೆ ಬಿದ್ದು ಗಾದ್ರಮ್ಮನ ಮುಖ ಅರಳಿತು, ತಲೆದೂಗಿದಳು. ಹೆಸರು ಬಂದದ್ದೇ ತಡ, ತೂಗುತ್ತಿದ್ದ ತಲೆ ನಿಂತಿತು.

"ಇದನ್ನ ನಾ ಯಾವಾಗ ಅಂದೆ?" ಎಂದು ಪಿಸುಗುಟ್ಟಿದಳು.

"ನೀನು ಅಂದಿಲ್ಲಜ್ಜಿ, ಕಂಪ್ಯೂಟರ್ ಕೈಲಿ ನಾನೇ ಅನ್ನಿಸೀನಿ. ಯಾರಿಗೂ ಗೊತ್ತಾಗಲ್ಲ."

"ನನಗೆ ಗೊತ್ತಾಗ್ತೈತಲ್ಲೋ! ಹುಡುಗಿ ಮುಖ ನೋಡದೆ ಹೆಂಗೆ ಹರಸ್ತು ಇದು? ನನ್ನ ಮೊಮ್ಮಗಳಿಗೆ ನಾನಿನ್ನೂ ಹರಸಿಲ್ಲ ಕಣಪ್ಪ."

ಕೊಟ್ರೇಶನಿಗೆ ಕಪಾಳಕ್ಕೆ ಹೊಡೆದಂತಾಯಿತು. ತಾಳದ ಲೆಕ್ಕ ಒಪ್ಪಿಸುತ್ತಿದ್ದ ಮಹಾರಾಯ, ದನಿಯ ಒಡತಿಯನ್ನೇ ಒಂದು ಮಾತು ಕೇಳಿರಲಿಲ್ಲ.

"ತಪ್ಪಾತಜ್ಜಿ. ಪೂರ್ತಿ ಅಳಿಸಿಬಿಡ್ತೀನಿ."

"ಪೂರ್ತಿ ಯಾಕೋ? ಹಾಡಿರಾದು ನಾನೇ, ಅದು ಇರ್ಲಿ, ಹಾಕು. ಹೆಸರು ತೆಗೆದು ಆ ಜಾಗ ಖಾಲಿ ಬಿಡು."

ಖಾಲಿ ಬಿಟ್ಟರೆ ಹುಡುಗಿಯ ಆಸೆ ಮಣ್ಣುಪಾಲಾಗುತ್ತದಲ್ಲ ಎಂದು ಅವನಿಗನ್ನಿಸಿತು. ಆದರೂ ಅಜ್ಜಿ ಹೇಳಿದಂತೆಯೇ ಮಾಡಿದ.

ಅರಿಶಿನದ ದಿನ ಚಪ್ಪರದಲ್ಲಿ ಗಾದ್ರಮ್ಮನ ತುಂಬು ದನಿ ಎದ್ದಾಗ ಹೆಂಗಸರು ಅರಿಶಿನ ಹಚ್ಚುವುದನ್ನೇ ಮರೆತರು. 'ಮನೆತುಂಬ ನಗುವಾಕಿ ಮಣೆ ಮ್ಯಾಲೆ ಕುಂತಾಳ, ನಮ್ಮವ್ವ...' ಎಂಬಲ್ಲಿಗೆ ಬಂದು ಹಾಡು ಸುಮ್ಮನಾಯಿತು. ಚೌಡೇಶ್ವರಿ ತಲೆ ತಗ್ಗಿಸಿದಳು.

ಗಾದ್ರಮ್ಮ ಗೋಡೆ ಹಿಡಿದು ಎದ್ದಳು. ಕೊಟ್ರೇಶ್ ಮುಂದಿನ ಸಾಲು ಬರುವ ಮೊದಲೇ ತಟಕ್ಕನೆ ಹಾಡು ನಿಲ್ಲಿಸಿ ಮೈಕ್ ಹಿಡಿದುಕೊಂಡು ಓಡಿದ. ಅವಳು ಮೈಕನ್ನು ಅತ್ತ ತಳ್ಳಿದಳು. ಮೊಮ್ಮಗಳ ಅರಿಶಿನದ ಗಲ್ಲ ಹಿಡಿದು ಮುಖ ಎತ್ತಿ, ಕಣ್ಣಲ್ಲಿ ಕಣ್ಣಿಟ್ಟು ತುಟಿ ಆಡಿಸಿದಳು. ಪಕ್ಕದಲ್ಲೇ ನಿಂತಿದ್ದ ಕೊಟ್ರೇಶನಿಗೂ ಏನೂ ಕೇಳಿಸಲಿಲ್ಲ.

ಹುಡುಗಿ "ಅಜ್ಜೀ" ಎಂದು ಅವಳ ಸೊಂಟ ತಬ್ಬಿ ಜೋರಾಗಿ ಅತ್ತುಬಿಟ್ಟಳು.

"ಏನಂದ್ಲೇ? ಏನಂದ್ಲು?" ಹೆಂಗಸರು ಮುತ್ತಿಕೊಂಡರು.

"ನನ್ನ ಹೆಸರು."

ಹಾಡು ಮತ್ತೆ ಹಚ್ಚಬೇಕೆಂಬುದು ಕೊಟ್ರೇಶನಿಗೆ ಮರೆತೇಹೋಗಿತ್ತು. ಉಳಿದ ಸಾಲುಗಳನ್ನು ಹೆಂಗಸರೇ ಹಾಡಿ ಮುಗಿಸಿದರು.