ರಿಪೇರಿಯಾದ ಧಾರಾವಾಹಿ

ನಮ್ಮ ಬೀದಿಯ ಟಿವಿ ರಿಪೇರಿಯವರಿಗೆ ಧಾರಾವಾಹಿ ಎಂದರೆ ಮೈ ಉರಿಯುತ್ತದೆ. "ಇದನ್ನ ನೋಡೋ ಬದಲು ಒಂದು ಕಾದಂಬರಿ ಓದ್ರಮ್ಮ, ಅದಕ್ಕೆ ಕೊನೇ ಪುಟ ಅಂತ ಒಂದಿರುತ್ತೆ" ಎಂದು ಗೊಣಗುತ್ತಲೇ ಟಿವಿಯ ಬೆನ್ನು ಬಿಚ್ಚುತ್ತಾರೆ. ಕೆಲಸ ಮುಗಿದ ಮೇಲೆ ಮಾತ್ರ, ಸೌಂಡ್ ನೋಡುವ ನೆಪದಲ್ಲಿ, ಟೆಸ್ಟರನ್ನು ಕಿವಿಗೆ ಸಿಕ್ಕಿಸಿಕೊಂಡು, ಅತ್ತೆಮನೆಯಿಂದ ಹೊರಬಿದ್ದ ಸೊಸೆಯ ಅಳು ನಿಲ್ಲುವವರೆಗೂ ಕದಲುವುದಿಲ್ಲ. ಅದೇನು ನಿಲ್ಲುವ ಅಳುವೇ? ಕೊಟ್ಟ ಕಾಫಿ ಆರಿಹೋಗಿರುತ್ತದೆ. ಅವರ ಮನೆಯಲ್ಲಿ ಟಿವಿಯೇ ಇಲ್ಲ. ಗಂಡನ ಮನೆ ಬಿಟ್ಟು ಬಂದು ಮೂಲೆ ಹಿಡಿದಿರುವ ಅಕ್ಕ, ಇವರು ತಂದುಕೊಟ್ಟ ಕಾದಂಬರಿಗಳನ್ನು ತೆರೆದೂ ನೋಡಲಿಲ್ಲವಾದ್ದರಿಂದ, ಸಂಜೆ ಇವರೇ ಪಕ್ಕದಲ್ಲಿ ಕೂತು ಧಾರಾವಾಹಿಯ ಕಥೆ ಹೇಳುತ್ತಾರೆ. ಟಿವಿಯಲ್ಲಿ ಇನ್ನೂ ಅಳುತ್ತಿರುವ ಸೊಸೆ ಇವರ ಬಾಯಲ್ಲಿ ಆಗಲೇ ಕಣ್ಣೊರೆಸಿಕೊಂಡು ಟೈಲರಿಂಗ್ ಅಂಗಡಿ ಇಟ್ಟಿದ್ದಾಳೆ. ನಿನ್ನೆ ಕಥೆ ಮುಗಿದ ಮೇಲೆ ಅಕ್ಕ ಕೇಳಿದರಂತೆ: "ಅಮ್ಮನ ಹೊಲಿಗೆ ಮಿಷನ್ ಇನ್ನೂ ಅಟ್ಟದ ಮೇಲೇ ಇದ್ಯೇನೋ?"