ಚಕ್ರವರ್ತಿಯ ತಟ್ಟೆಗೆ ಹಾಕಿದ ಕೈ

ನಾನು ಓದಿದ್ದು ಕಾಸರಗೋಡಿನ ಕನ್ನಡ ಶಾಲೆಯಲ್ಲಿ, ನಾಲ್ಕನೇ ಕ್ಲಾಸಿನವರೆಗೆ. ಆಮೇಲೆ ಬರೆದದ್ದು ಹಾಜರಿ ಪುಸ್ತಕದಲ್ಲಿ ಸಹಿ ಮಾತ್ರ. ತಿರುವನಂತಪುರದ ಒಂದು ಹುಚ್ಚರ ಆಸ್ಪತ್ರೆಯಲ್ಲಿ, ಹೆಂಗಸರ ವಾರ್ಡಿನಲ್ಲಿ ಮೂವತ್ತೊಂದು ವರ್ಷ ಆಯಾ ಆಗಿದ್ದೆ. ನನ್ನಂಥವಳು ರೋಮಿನ ಚಕ್ರವರ್ತಿಗಳ ಬಗ್ಗೆ ಬರೆಯುವುದಾ ಅಂತ ಯಾರಿಗಾದರೂ ನಗು ಬಂದರೆ ನಗಲಿ. ರೋಮ್ ಗೊತ್ತಿಲ್ಲ. ಹುಚ್ಚು ಗೊತ್ತುಂಟು.

ಮೊಮ್ಮಗಳು ಕೊಚ್ಚಿಯಲ್ಲಿ, ಎಡಪ್ಪಳ್ಳಿ ಹತ್ತಿರದ ಕಾಲೇಜಿನಲ್ಲಿ ಸಿನಿಮಾ ಕಲಿಯುವುದು. ಕೊನೆಯ ವರ್ಷಕ್ಕೆ ಹತ್ತು ನಿಮಿಷದ ಪಿಕ್ಚರ್ ಮಾಡಿ ಕೊಡಬೇಕು. ಅವಳು ತಲೆಕೆಟ್ಟ ಒಬ್ಬ ರೋಮ್ ಚಕ್ರವರ್ತಿಯನ್ನು ಹಿಡಿದುಕೊಂಡಳು. ಚಪ್ಪಲಿಯ ಪಟ್ಟಿ, ಬಟ್ಟೆಯ ನೆರಿಗೆ, ದೀಪ, ಎಲ್ಲ ಪುಸ್ತಕ ನೋಡಿಯೇ ಮಾಡಿದ್ದು. ಮೇಷ್ಟ್ರು ನೋಡಿ ವಾಪಸ್ ಕೊಟ್ಟರಂತೆ. ಚಪ್ಪಲಿ ಸರಿ ಉಂಟು, ಹುಚ್ಚು ಮಾತ್ರ ಬೇರೆ ಸಿನಿಮಾಗಳಿಂದ ಕದ್ದದ್ದು, ಹದಿನೈದು ದಿನದಲ್ಲಿ ಸರಿ ಮಾಡದಿದ್ದರೆ ಒಂದು ವರ್ಷ ಹೋಯಿತು ಅಂತ. ತಿರುವನಂತಪುರಕ್ಕೆ, ಪಟ್ಟಂನ ನಮ್ಮ ಫ್ಲಾಟಿಗೆ ಬಂದು ಮುಖ ಊದಿಸಿಕೊಂಡು ಕೂತಳು.

ತೋರಿಸು ಅಂದೆ. ಲ್ಯಾಪ್‌ಟಾಪಿನಲ್ಲಿ ತನ್ನದನ್ನೂ ತೋರಿಸಿದಳು, ಹೊರದೇಶದ ದೊಡ್ಡ ಕಂಪೆನಿಗಳು ಮಾಡಿದ್ದನ್ನೂ ತೋರಿಸಿದಳು. ಎಲ್ಲ ಒಂದೇ. ಕಣ್ಣು ತಿರುಗಿಸುವುದು, ಗಹಗಹಿಸುವುದು, ದ್ರಾಕ್ಷಿ ತಿನ್ನುತ್ತಾ ಜನರನ್ನು ಕೊಲ್ಲಿಸುವುದು. ಒಬ್ಬನಂತೂ ತನ್ನ ಕುದುರೆಗೆ ಮಂತ್ರಿ ಪದವಿ ಕೊಡುತ್ತಾನೆ. ಹಾಗೆ ನಗುವವರನ್ನು ನನ್ನ ಕೆಲಸದಲ್ಲಿ ನಾನು ಕಂಡದ್ದು ಇಬ್ಬರನ್ನು. ಅದರಲ್ಲಿ ಒಬ್ಬಳು ನರ್ಸು.

ಈ ಕುದುರೆ ಕಥೆ ಬರೆದದ್ದು ಯಾರು ಅಂತ ಕೇಳಿದೆ. ಅವನನ್ನು ಕೊಂದು ಎಷ್ಟೋ ವರ್ಷ ಆದ ಮೇಲೆ, ಅವನನ್ನು ಕಂಡರಾಗದವರ ಕಡೆಯವರು ಬರೆದದ್ದು ಅಂದಳು. ಮಲಯಾಳದಲ್ಲೇ ಅಂದಳು. ಕನ್ನಡ ಅವಳಿಗೆ ತಿಳಿಯುತ್ತದೆ, ಬಾಯಿಗೆ ಬರುವುದಿಲ್ಲ.

ನಮ್ಮ ಆಸ್ಪತ್ರೆಯಲ್ಲೂ ಹಾಗೇ. ಮೊದಲ ದಿನದ ಕೇಸ್ ಶೀಟಿನಲ್ಲಿ ಇರುವುದು ಕರೆತಂದವರು ಹೇಳಿದ್ದು. ಬೆಂಕಿ ಹಾಕಿದಳು, ಮಾವನನ್ನು ಕಚ್ಚಿದಳು ಅಂತ. ಆಯಾಗಳು ನಾವು ಅದನ್ನು ಕೇಳಿ ಬದಿಗಿಡುತ್ತಿದ್ದೆವು. ಒಂದು ವಾರ ಅವಳು ಉಣ್ಣುವುದನ್ನು ನೋಡುವುದು. ಯಾರ ಒಳಗೆ ಎಂತ ಉಂಟು ಅಂತ ತಟ್ಟೆಯ ಮುಂದೆ ಗೊತ್ತಾಗುತ್ತದೆ.

ಇದನ್ನು ಹೇಳಿದ್ದೇ ತಡ, ಮರುದಿನ ಚಕ್ರವರ್ತಿಯನ್ನೇ ಮನೆಗೆ ಕರೆಸಿದಳು. ಅವಳ ಕ್ಲಾಸಿನವನು, ಅಂಬಲಮುಗಳಿನ ರಿಫೈನರಿಯಲ್ಲಿ ಅಪ್ಪನಿಗೆ ಕೆಲಸ. ಆರಡಿ ಆಳು. ಬೆಡ್‌ಶೀಟ್ ಸುತ್ತಿಕೊಂಡು ನಮ್ಮ ಊಟದ ಮೇಜಿನ ಮುಂದೆ ಕೂತ. ತಟ್ಟೆಯಲ್ಲಿ ರೊಟ್ಟಿ, ಅಂಜೂರ. ವಿಷ ಹಾಕಿದ್ದಾರೆ ಅಂತ ಚಕ್ರವರ್ತಿಗೆ ಸಂಶಯ ಬರಬೇಕು. ಕ್ಯಾಮರಾ ಹಚ್ಚಿದ ಕೂಡಲೇ ಇವನು ಕಿರುಚಲು ಶುರು ಮಾಡಿದ.

"ಕಿರುಚಬೇಡ ಮೋನೇ," ಅಂದೆ, "ವಿಷಕ್ಕೆ ಹೆದರಿದವನು ಬಾಯಿ ತೆರೆಯುವುದೇ ಇಲ್ಲ."

ಆಗ ಅವನು ಸುಮ್ಮನೆ ಕೂತು, ತಟ್ಟೆ ನೋಡಿ, ನನಗೆ ಬೇಡ ಅಂದ.

ಇಲ್ಲಿ ಒಂದು ವಿಷಯ ಹೇಳಬೇಕು. ವಾರ್ಡಿನಲ್ಲಿ ವಿಷ ಅಂತ ಹೆದರುವವರು ಯಾವಾಗಲೂ ಇಬ್ಬರು ಮೂವರು ಇರುತ್ತಿದ್ದರು. ಅವರ ತಟ್ಟೆಯಿಂದಲೇ ಒಂದು ತುತ್ತು ತೆಗೆದು, ಅವರೆದುರೇ ನಾನು ನುಂಗಬೇಕು. ಬಾಯಲ್ಲಿಟ್ಟರೆ ಸಾಲದು, ಅವರು ನೋಡುವುದು ಗಂಟಲನ್ನು. ಈ ಅಭ್ಯಾಸ ರಿಟೈರ್ ಆದ ಮೇಲೂ ಹೋಗಲಿಲ್ಲ. ಒಂದು ಮದುವೆಯಲ್ಲಿ ಬೀಗರೊಬ್ಬರು ಸಾಕು, ಬೇಡ ಅಂದದ್ದಕ್ಕೆ ಅವರ ಎಲೆಗೇ ಕೈ ಹಾಕಿ ತಿಂದಿದ್ದೆ. ಮಗಳು ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟಳು.

ಅವತ್ತೂ ಅದೇ ಆಯಿತು. ಬೇಡ ಅಂತ ಕೇಳಿದ ಕೂಡಲೇ ಕೈ ಹೋಯಿತು. ರೊಟ್ಟಿಯ ತುದಿ ಮುರಿದು ತಿಂದೆ. ಹುಡುಗ ಹೇಳಬೇಕಾದ ಮಾತು ಮರೆತ. ಇಳಿಯಿತಾ ಇಲ್ಲವಾ ಅಂತ ನನ್ನ ಗಂಟಲನ್ನೇ ನೋಡಿದ. ಆಮೇಲೆ ಮೆಲ್ಲ ತಟ್ಟೆ ಹತ್ತಿರ ಎಳೆದುಕೊಂಡು, ನಾನು ಮುರಿದ ಕಡೆಯಿಂದಲೇ ತಿನ್ನತೊಡಗಿದ. ವಾರ್ಡಿನಲ್ಲೂ ಹಾಗೇ ತಿನ್ನುತ್ತಿದ್ದರು. ಅವನಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಹಾಳು ಮಾಡಿದೆ ಅಂತ ನನಗೆ ನಾಚಿಕೆ ಆಯಿತು. ಮೊಮ್ಮಗಳು ಕ್ಯಾಮರಾ ನಿಲ್ಲಿಸಿರಲೇ ಇಲ್ಲ.

ಮೇಷ್ಟ್ರು ನೋಡುವ ದಿನ ನನ್ನನ್ನೂ ರೈಲಿನಲ್ಲಿ ಕೊಚ್ಚಿಗೆ ಕರೆದುಕೊಂಡು ಹೋದಳು. ಪರದೆಯಲ್ಲಿ ಆ ಹುಡುಗನ ಮುಖ, ನನ್ನ ಕೈ, ಅಷ್ಟೇ. ಮುಗಿದ ಮೇಲೆ ಮೇಷ್ಟ್ರು ನನ್ನ ಕೈ ಬರುವ ಜಾಗವನ್ನು ಪುನಃ ಹಾಕಿಸಿದರು. ನನ್ನ ಮಣಿಕಟ್ಟಿನಲ್ಲಿ ರಬ್ಬರ್ ಬ್ಯಾಂಡು. ಸಾಮಾನಿನ ಪೊಟ್ಟಣಕ್ಕೆ ಹಾಕಿ ಬಂದದ್ದನ್ನು ನಾನು ಕೈಗೆ ಹಾಕಿಕೊಳ್ಳುವುದು. ರೋಮಿನಲ್ಲಿ ರಬ್ಬರ್ ಎಲ್ಲಿತ್ತು, ಬೇರೆ ಕೈ ಇಟ್ಟು ಇನ್ನೊಮ್ಮೆ ತೆಗೆಯಿರಿ, ಇಲ್ಲದಿದ್ದರೆ ಮಾರ್ಕು ಹೋಗುತ್ತದೆ ಅಂದರು. ಕ್ಲಾಸಿನವರು ನಕ್ಕರು. ಅವರು ಹೇಳಿದ್ದು ತಪ್ಪಲ್ಲ. ನಾನಾಗಿದ್ದರೆ ಒಪ್ಪಿಬಿಡುತ್ತಿದ್ದೆ.

ಮೊಮ್ಮಗಳು ಎದ್ದು ನಿಂತಳು. "ಮಾರ್ಕು ಕಳೆಯಿರಿ ಸಾರ್. ಇನ್ನೊಮ್ಮೆ ತೆಗೆದರೆ ಅವನು ಆಕ್ಟಿಂಗ್ ಮಾಡುತ್ತಾನೆ. ಇದರಲ್ಲಿ ಅವನು ನಂಬಿದ್ದಾನೆ. ಅದು ನನ್ನ ಅಮ್ಮೂಮ್ಮನ ಕೈ. ಹುಚ್ಚಾಸ್ಪತ್ರೆಯಲ್ಲಿ ಆಯಾ ಆಗಿದ್ದವರು."

ಮೇಷ್ಟ್ರು ನನ್ನ ಕಡೆ ತಿರುಗಿ, ಹೀಗೆ ಮಾಡಿದರೆ ಅಲ್ಲಿಯ ರೋಗಿಗಳು ಉಣ್ಣುತ್ತಿದ್ದರಾ ಅಂತ ಕೇಳಿದರು. ನನ್ನ ಡ್ಯೂಟಿಯಲ್ಲಿ ಹಸಿದು ಮಲಗಿದವರಿಲ್ಲ ಅಂದೆ. ಅವರು ರಬ್ಬರಿಗೆ ಮಾರ್ಕು ಕಳೆದರು, ಪಾಸು ಮಾಡಿದರು.

ಮಗಳು ಫ್ಲಾಟಿನವರಿಗೆಲ್ಲ, ಅಮ್ಮ ಸರ್ಕಾರಿ ಆಫೀಸಿನಲ್ಲಿದ್ದರು ಅಂತ ಹೇಳಿಟ್ಟಿದ್ದಾಳೆ. ಪಿಕ್ಚರಿನ ಕೊನೆಗೆ ಹೆಸರು ಬರುವಲ್ಲಿ ನನ್ನ ಹೆಸರೂ ಉಂಟು, ಪಕ್ಕದಲ್ಲಿ ಆಯಾ ಅಂತ ದೊಡ್ಡದಾಗಿ ಉಂಟು. ಫ್ಲಾಟಿನ ಕೆಳಗಿನ ಹಾಲ್‌ನಲ್ಲಿ ಎಲ್ಲರಿಗೂ ಹಾಕಿ ತೋರಿಸು ಅಂತ ಮೊಮ್ಮಗಳಿಗೆ ನಾನೇ ಹೇಳಿದ್ದೇನೆ. ಬರುವ ಆದಿತ್ಯವಾರ, ಸಂಜೆ ಐದಕ್ಕೆ. ಮಗಳಿಗೆ ಮುಂದಿನ ಸಾಲಿನಲ್ಲಿ ಕುರ್ಚಿ.