ಅವಳು ಕೂರುತ್ತಿದ್ದ ಜಾಗ

ಆಗ ನನಗೆ ಅರವತ್ತೆರಡು. ಈಗ್ಗೆ ಎಂಟು ವರ್ಷದ ಮಾತು. ವನಗೂರಿನ ಮೆಕ್ಯಾನಿಕ್ ಜೀಪುಗಳು ಕಳುವಾಗದಂತೆ ಗುಟ್ಟಾಗಿ ಒಂದು ಸ್ವಿಚ್ ಇಡುತ್ತಿದ್ದ. ಅದನ್ನು ಹಾಕದೆ ಇಂಜಿನ್ ಏಳದು. ಇಡುವ ಮೊದಲು ಮನೆಯ ಹೆಂಗಸನ್ನು ಕೇಳುವನು: "ನೀನೆಲ್ಲಿ ಕೂರ್ತೀಯಕ್ಕ?" ಆ ಸೀಟಿನಡಿಯೇ ಇಡುವನು. "ಕಳ್ಳ ಹೆಂಡ್ತಿ ಕರ್ಕೊಂಡು ಬರಲ್ಲ ಕಣಕ್ಕ," ಎಂದು ಗ್ರೀಸಿನ ಕೈಯನ್ನು ತಲೆಗೇ ಒರೆಸಿಕೊಳ್ಳುವನು. ನನ್ನ ಗಂಡ ಸತ್ತಮೇಲೆ ನಮ್ಮ ಜೀಪಿನ ಗುಟ್ಟು ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಮಗನಿಗೂ ಹೇಳಿರಲಿಲ್ಲ, ನಾನು ಹತ್ತಿದರೇ ಜೀಪ್ ಹೊರಡಬೇಕು.

ಒಂದು ಮಧ್ಯಾಹ್ನ ಆ ಮೆಕ್ಯಾನಿಕ್ ತನ್ನ ಶೆಡ್ಡಿನಲ್ಲೇ ಎದೆ ಹಿಡಿದು ಬಿದ್ದ. ಮಾತು ಹೊರಡಲಿಲ್ಲ. ನಾನು ಎದುರಿನ ಅಂಗಡಿಯಿಂದ ಓಡಿ ಬಂದೆ. ಅಲ್ಲಿದ್ದದ್ದು ಅವನ ಜೀಪೊಂದೇ. "ಸ್ವಿಚ್ ಎಲ್ಲಿಟ್ಟವ್ನೋ ಮಾರಾಯ!" ಎಂದು ಗಂಡಸರು ಸ್ಟೇರಿಂಗ್ ಸುತ್ತ ತಡಕಾಡುತ್ತಿದ್ದರು. ತೀರಿಹೋದ ಅವನ ಹೆಂಡತಿ, ತವರಿನ ಗುಡ್ಡ ಮರೆಯಾಗುವವರೆಗೂ ನೋಡಲೆಂದು, ಹಿಂದಿನ ಮೂಲೆಯಲ್ಲೇ ಕೂರುತ್ತಿದ್ದಳು. ಅಲ್ಲಿ ಕೈ ಹಾಕಿದೆ. ಸಿಕ್ಕಿತು.

ಸಂಜೆ ಸಕಲೇಶಪುರದ ಆಸ್ಪತ್ರೆಯಲ್ಲಿ ಅವನಿಗೆ ಮಾತು ಬಂತು. "ಅವ್ಳ ಜಾಗ ಯಾರ್ ಹೇಳಿದ್ರಕ್ಕ?"

"ಊರೋರ್ನೆಲ್ಲ ಎಲ್ಲಿ ಕೂರ್ತೀಯ ಅಂತ ಕೇಳ್ತಿದ್ದೋನು ನೀನೇ ಅಲ್ವೇನೋ?"

ಮಾರನೆಯ ಬೆಳಿಗ್ಗೆ ಸೊಸೆಯನ್ನು ನಮ್ಮ ಜೀಪಿನ ನನ್ನ ಸೀಟಿನಲ್ಲಿ ಕೂರಿಸಿ, ಅವಳ ಕೈ ಹಿಡಿದು ಸ್ವಿಚ್ ಮುಟ್ಟಿಸಿದೆ. ನಾನು ಹಿಂದೆ ಹತ್ತಿದೆ.